ಕೆಲಸ ಸಾಗಿಸುವಾಗ ಹಿಂದೆ ಉಳಿದುಹೋಗುವುದು

ತಮ್ಮ ದೇಶದ ಬಫಲೋ ನಗರಕ್ಕಿಂತ ಬೆಂಗಳೂರಿನಲ್ಲಿ ಉದ್ಯೋಗ ಸೃಷ್ಟಿಸಿದವರಿಗೆ ತೆರಿಗೆ ಕಡಿಮೆ ಬೀಳುತ್ತದೆ ಎಂದು ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ 2009ರ ಮೇ ತಿಂಗಳಲ್ಲಿ ಆಕ್ಷೇಪಿಸಿದ್ದರು. ಅದಕ್ಕೂ ಮೊದಲೇ ಆರಂಭವಾಗಿ ಇಂದಿಗೂ ಮುಗಿಯದ, ಕೆಲಸವನ್ನು ಹೊರದೇಶಕ್ಕೆ ಸಾಗಿಸುವ ಕುರಿತ ಈ ಚರ್ಚೆಯಲ್ಲಿ ತೆರಿಗೆ, ವೀಸಾ, ಸಂಬಳಗಳ ಮಾತೇ ಹೆಚ್ಚು.

ಸಾಫ್ಟ್‌ವೇರ್ ಕೆಲಸವನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವ ಕಂಪನಿಗಳಿಗೆ ಸಲಹೆ ನೀಡುವುದು ನನ್ನ ವೃತ್ತಿ. ನನ್ನೆದುರು ಕುಳಿತವರು ಮೊದಲು ತೆರೆಯುವುದು ಎಕ್ಸೆಲ್ ಹಾಳೆಯನ್ನು: ಅಲ್ಲಿನ ಗಂಟೆಯ ದರ, ಇಲ್ಲಿನ ಗಂಟೆಯ ದರ, ಉಳಿತಾಯ. ದರ ಕಡಿಮೆಯೆಂಬುದು ನಿಜ. ಆದರೆ ಅದೇ ಕೆಲಸಕ್ಕೆ ಇನ್ನು ಮುಂದೆ ಎಷ್ಟು ಗಂಟೆ ಹಿಡಿಯುತ್ತದೆ ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಮ್ಮೇ ಇರುವುದಿಲ್ಲ. ಹಳೆಯ ತಂಡ ಹತ್ತು ನಿಮಿಷದಲ್ಲಿ ಸರಿಪಡಿಸುತ್ತಿದ್ದ ದೋಷಕ್ಕಾಗಿ ಹೊಸ ತಂಡ ಎರಡು ದಿನ ತಡಕಾಡುತ್ತದೆ. ಹುಡುಗರು ದಡ್ಡರೆಂದಲ್ಲ, ಪ್ರೋಗ್ರಾಂ ಹಾಗೇಕೆ ಇದೆ ಎಂದು ಯಾರೂ ಬರೆದಿಟ್ಟಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನವರು ಬೆಳಿಗ್ಗೆ 9ಕ್ಕೆ ಪ್ರಶ್ನೆ ಕಳಿಸಿದರೆ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ 10.30, ಅಲ್ಲಿ ಕಚೇರಿ ತೆರೆಯುವಷ್ಟರಲ್ಲಿ ಇಲ್ಲಿ ಸಂಜೆ 7.30. ಒಂದು ಪ್ರಶ್ನೆಗೆ ಒಂದು ದಿನ ಸಂದಿತು.

ಅಮೆರಿಕದ ವಿಮಾ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನು ನೋಡಿಕೊಂಡಿದ್ದ ಹಿರಿಯ ಮಹಿಳೆಯೊಬ್ಬರಿದ್ದರು. ತ್ರೈಮಾಸಿಕದ ಕೊನೆಯ ರಾತ್ರಿ ಒಂದು ಬ್ಯಾಂಕಿನಿಂದ ಪ್ರೀಮಿಯಂ ಪಾವತಿಯ ಫೈಲ್ ತಡವಾಗಿ ಬರುತ್ತದೆ, ಅದು ಬರುವವರೆಗೆ ಪಾಲಿಸಿ ರದ್ದತಿಯ ನೋಟಿಸುಗಳನ್ನು ತಡೆಹಿಡಿಯಬೇಕು ಎಂಬುದು ಅವರ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ಒಂದು ಸಾಲಾಗಿತ್ತು. ಕೆಟಿಗೆಂದು, ಅಂದರೆ ಕೆಲಸದ ತಿಳಿವಳಿಕೆಯನ್ನು ಹೊಸ ತಂಡಕ್ಕೆ ದಾಟಿಸಲೆಂದು (ನಾಲೆಜ್ ಟ್ರಾನ್ಸ್‌ಫರ್), ಕಂಪನಿ ಕೊಟ್ಟದ್ದು ಎರಡೇ ವಾರ. ತಮ್ಮ ಕೆಲಸ ಕಿತ್ತುಕೊಳ್ಳಲು ಬಂದವರೆಂದು ಮುಖ ತಿರುಗಿಸದೆ, ನಮ್ಮ ಹುಡುಗರನ್ನು ಸಂಜೆಯೂ ಕೂರಿಸಿಕೊಂಡು ಆಕೆ ಕಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಎರಡು ವಾರಗಳಲ್ಲಿ ತ್ರೈಮಾಸಿಕದ ಕೊನೆಯ ರಾತ್ರಿ ಬರಲಿಲ್ಲ; ಬಾರದ ರಾತ್ರಿಯ ಮಾತು ಯಾರಿಗೂ ನೆನಪಾಗಲಿಲ್ಲ. ಮುಂದೆ ಅದು ಬಂದಾಗ, ಹಣ ಕಟ್ಟಿದವರ ಮನೆಗಳಿಗೂ ರದ್ದತಿಯ ನೋಟಿಸು ಹೋಯಿತು. ಕೊನೆಗೆ ಮೊದಲಿನ ಸಂಬಳಕ್ಕಿಂತ ಹೆಚ್ಚಿನ ದರ ಕೊಟ್ಟು ಅವರನ್ನೇ ಕರೆಸಬೇಕಾಯಿತು.

ಎಲ್ಲ ವರ್ಗಾವಣೆಗಳೂ ಹೀಗಾಗುತ್ತವೆಂದು ನಾನು ಹೇಳುವುದಿಲ್ಲ. ನಿಯಮಗಳು ಸ್ಪಷ್ಟವಾಗಿ ಬರಹದಲ್ಲಿರುವ ಸಾಫ್ಟ್‌ವೇರ್ ಪರೀಕ್ಷಾ (ಟೆಸ್ಟಿಂಗ್) ಕೆಲಸಗಳು ಸಲೀಸಾಗಿ ಸಾಗಿದ್ದನ್ನೂ ನೋಡಿದ್ದೇನೆ. ಉಳಿದವಕ್ಕೆ, ಎರಡೂ ತಂಡಗಳು ಕನಿಷ್ಠ ಒಂದು ತ್ರೈಮಾಸಿಕದ ಕೊನೆಯನ್ನು ಜೊತೆಯಾಗಿ ದಾಟಬೇಕು, ಕಲಿಸಿ ಹೋಗುವವರಿಗೆ ಅದಕ್ಕಾಗಿಯೇ ಪ್ರತ್ಯೇಕ ಹಣ ಸಲ್ಲಬೇಕು ಎಂದು ಒಪ್ಪಂದದಲ್ಲೇ ಬರೆಸುತ್ತೇನೆ.

ಈಗ ಬೆಂಗಳೂರಿನ ಕಂಪನಿಗಳೂ ಇದೇ ಹಾಳೆ ಹಿಡಿದು ಬರುತ್ತಿವೆ; ಇಲ್ಲಿನ ಸಂಬಳ ದುಬಾರಿಯಾಯಿತು, ಕೆಲಸವನ್ನು ಹುಬ್ಬಳ್ಳಿಗೋ ವಿಯೆಟ್ನಾಂಗೋ ಒಯ್ಯೋಣ ಎನ್ನುತ್ತಾರೆ. ಒಯ್ಯಲಿ, ನನ್ನ ತಕರಾರಿಲ್ಲ. ತಿಂಗಳ ಕೊನೆಯ ರಾತ್ರಿ ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ಮಾತ್ರ ಕೇಳುತ್ತೇನೆ. ವಿಚಾರಿಸಿ ತಿಳಿಸುತ್ತೇವೆ ಎನ್ನುವವರೇ ಹೆಚ್ಚು.