ಸೀಮಿತ ಆವೃತ್ತಿಯ ಗಿಟಾರ್ ಮತ್ತು ಟ್ರಸ್ ರಾಡ್ ಎಂಬ ತಪ್ಪು ಭರವಸೆ

ಬಳಸಿದ ಸೀಮಿತ ಆವೃತ್ತಿಯ ಎಲೆಕ್ಟ್ರಿಕ್ ಗಿಟಾರ್ ಕೊಂಡು ದುರಸ್ತಿಗೆ ತರುವವರು ಸಾಮಾನ್ಯವಾಗಿ ಮೊದಲು ಪ್ರಮಾಣಪತ್ರವನ್ನು ತೋರಿಸುತ್ತಾರೆ, ಬಳಿಕ ಹೆಡ್‌ಸ್ಟಾಕ್‌ನ (ಶ್ರುತಿ ಮಾಡುವ ಬಿರಡೆಗಳಿರುವ ತುದಿಯ) ಹಿಂಬದಿಯಲ್ಲಿ ಒತ್ತಿರುವ ಸಂಖ್ಯೆಯನ್ನು ತೋರಿಸುತ್ತಾರೆ; ತಂತಿಗಳು ತೀರ ಮೇಲಿವೆ, ಬೆರಳು ನೋಯುತ್ತದೆ ಎಂಬ ದೂರು ಕೊನೆಗೆ ಬರುತ್ತದೆ. ಅದರ ಬೆನ್ನಿಗೇ ‘ಟ್ರಸ್ ರಾಡ್ ಸ್ವಲ್ಪ ಬಿಗಿ ಮಾಡಿಕೊಡಿ, ಸರಿಹೋಗುತ್ತದೆ’ ಎಂಬ ಮಾತೂ ಇದ್ದೇ ಇರುತ್ತದೆ; ಟ್ರಸ್ ರಾಡ್ ಎಂದರೆ ಗಿಟಾರಿನ ಕತ್ತಿನೊಳಗಿರುವ ಸರಳು. ಎಷ್ಟೋ ವಾದ್ಯಗಳಲ್ಲಿ ಮಾರಿದವರು ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿರುತ್ತಾರೆ, ಹಾನಿಯೂ ಆಗಿಹೋಗಿರುತ್ತದೆ.

‘ಸೀಮಿತ’ ಎಂಬ ಮಾತು ಬಹುತೇಕ ವಾದ್ಯಗಳಲ್ಲಿ ಯಾವುದಕ್ಕೆ ಸಂಬಂಧಿಸಿದ್ದು ಎಂಬುದನ್ನು ಮೊದಲು ಹೇಳಬೇಕು. ವಿಶೇಷ ಬಣ್ಣ, ಒಳ್ಳೆಯ ಬಳುಕುಗೆರೆಗಳಿರುವ ಮೇಪಲ್ ಹಲಗೆ, ಬೇರೆ ಬಗೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಚಿನ್ನದ ಲೇಪನದ ಬಿಡಿಭಾಗಗಳು, ಒಬ್ಬ ಕಲಾವಿದರ ಹೆಸರು: ವ್ಯತ್ಯಾಸ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಇದರ ಅಡಿಯಲ್ಲಿರುವ ವಿನ್ಯಾಸ ಹಳೆಯದು. ಫೆಂಡರ್ ಸಂಸ್ಥೆಯ ಗಿಟಾರಿಗೆ ಟೆಲಿಕಾಸ್ಟರ್ ಎಂಬ ಹೆಸರು ಬಂದದ್ದು 1951ರಲ್ಲಿ, ಗಿಬ್ಸನ್‌ನ ಲೆಸ್ ಪಾಲ್ ಬಂದದ್ದು 1952ರಲ್ಲಿ, ಸ್ಟ್ರಾಟೊಕಾಸ್ಟರ್ 1954ರಲ್ಲಿ. ಇಂದು ಸಂಖ್ಯೆ ಹಾಕಿ ಮಾರುವ ಸಾಲಿಡ್ ಬಾಡಿ (ಒಳಗೆ ಟೊಳ್ಳಿಲ್ಲದ) ಗಿಟಾರುಗಳಲ್ಲಿ ಹೆಚ್ಚಿನವು ಈ ವಿನ್ಯಾಸಗಳಲ್ಲೊಂದರ ಮಕ್ಕಳು ಅಥವಾ ಮೊಮ್ಮಕ್ಕಳು. ಮೂಲದ ಗುಣಗಳ ಜೊತೆಗೆ ಮೂಲದ ದೌರ್ಬಲ್ಯಗಳನ್ನೂ ಅವು ಹೊತ್ತು ಬರುತ್ತವೆ. ಪ್ರಮಾಣಪತ್ರ ಇದನ್ನು ತಪ್ಪಿಸಲಾರದು.

ಈಗ ಟ್ರಸ್ ರಾಡ್ ವಿಷಯ. ನೆಕ್‌ನ, ಅಂದರೆ ಗಿಟಾರಿನ ಉದ್ದ ಕತ್ತಿನ ಒಳಗೆ, ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡಿನ ಕೆಳಗೆ ಕೂತಿರುವ ಈ ಉಕ್ಕಿನ ಸರಳಿಗೆ ಗಿಬ್ಸನ್‌ನ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದರು. ಸಾಮಾನ್ಯ ದಪ್ಪದ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ನೆಕ್‌ನ ಮೇಲೆ ಸುಮಾರು 45 ಕಿಲೋ ಸೆಳೆತ ಬೀಳುತ್ತದೆ. ಆ ಸೆಳೆತಕ್ಕೆ ನೆಕ್ ಮುಂದಕ್ಕೆ ಬಾಗುತ್ತದೆ, ಸರಳು ಅದನ್ನು ಹಿಂದಕ್ಕೆಳೆದು ಸಮತೋಲ ಕಾಯುತ್ತದೆ. ಮೀಟಿದ ತಂತಿಗೆ ನಡುವೆ ಹೆಚ್ಚು ಜಾಗ ಬೇಕಾದ್ದರಿಂದ ನೆಕ್ ಸಂಪೂರ್ಣ ನೇರವಾಗಿರದೆ ಕೂದಲೆಳೆಯಷ್ಟು ಮುಂದಕ್ಕೆ ಬಾಗಿರುವುದು ಒಳ್ಳೆಯದು. ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲಿ (ಫಿಂಗರ್‌ಬೋರ್ಡಿನ ಮೇಲಿನ ಅಡ್ಡ ಲೋಹಪಟ್ಟಿಯಲ್ಲಿ) ಮತ್ತು ನೆಕ್ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲಿ ಏಕಕಾಲಕ್ಕೆ ಒತ್ತಿ ಹಿಡಿದು, ಏಳನೆಯ ಫ್ರೆಟ್‌ನ ತಲೆಗೂ ತಂತಿಗೂ ನಡುವಿನ ಸಂದನ್ನು ಅಳೆದರೆ ಸುಮಾರು 0.2ರಿಂದ 0.3 ಮಿಲಿಮೀಟರ್ ಸಿಗಬೇಕು. ಟ್ರಸ್ ರಾಡ್‌ನ ಅಧಿಕಾರ ಈ ಸಂದಿನ ಮೇಲೆ ಮಾತ್ರ.

ತಂತಿಯ ಎತ್ತರ ಬೇರೆ ವಿಷಯ. ಅದನ್ನು ನಿರ್ಧರಿಸುವುದು ಮೂರು ಸಂಗತಿಗಳು: ಹೆಡ್‌ಸ್ಟಾಕ್ ಬಳಿ ತಂತಿಗಳು ಹಾಯುವ ನಟ್ ಎಂಬ ಪಟ್ಟಿಯಲ್ಲಿ ಕೊರೆದ ಸೀಳುಗಳ ಆಳ, ದೇಹದ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್‌ನ ಎತ್ತರ, ಮತ್ತು ನೆಕ್ ದೇಹಕ್ಕೆ ಸೇರಿರುವ ಕೋನ. ಇವುಗಳಲ್ಲಿ ಮೂರನೆಯದನ್ನು ಯಾರೂ ನೋಡುವುದಿಲ್ಲ. ಸರಳು ಎಳೆಯುವುದು ನೆಕ್‌ನ ಉದ್ದನೆಯ ಭಾಗವನ್ನು. ದೇಹಕ್ಕೆ ಅಂಟಿರುವ ಬುಡದ ಭಾಗ ಅದರ ಮಾತು ಕೇಳುವುದಿಲ್ಲ. ಕೋನ ತಪ್ಪಿರುವ ಗಿಟಾರಿನಲ್ಲಿ ಸರಳನ್ನು ಬಿಗಿ ಮಾಡಿದರೆ ಹನ್ನೆರಡನೆಯ ಫ್ರೆಟ್‌ನ ಹತ್ತಿರ ತಂತಿ ತುಸು ಕೆಳಗಿಳಿದಂತೆ ಕಾಣುತ್ತದೆ, ಆದರೆ ಅಷ್ಟರಲ್ಲಿ ನೆಕ್ ಹಿಂದಕ್ಕೆ ಬಾಗಿ ಮೊದಲ ಕೆಲವು ಫ್ರೆಟ್‌ಗಳಲ್ಲಿ ತಂತಿ ಝೇಂಕರಿಸಲು ಆರಂಭಿಸುತ್ತದೆ, ಹದಿನೈದನೆಯ ಫ್ರೆಟ್‌ನ ಆಚೆಗೆ ತಂತಿ ಹಿಂದಿನಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಇನ್ನೂ ಬಿಗಿ ಮಾಡಿದರೆ ಕೀಲಿ ಹಾಕುವ ಜಾಗದ ಮೂಲೆಗಳು ಸವೆಯಬಹುದು, ಇಲ್ಲವೇ ಸರಳೇ ತುಂಡಾಗಬಹುದು. ತುಂಡಾದ ಸರಳನ್ನು ಬದಲಿಸಲು ಹೆಚ್ಚಿನ ಸಲ ಫಿಂಗರ್‌ಬೋರ್ಡ್ ಕೀಳಬೇಕಾಗುತ್ತದೆ. ಸಂಖ್ಯೆಯಿರುವ ಗಿಟಾರಿಗೆ ಹಾಗೆ ಮಾಡಿದ ಮೇಲೆ ಅದರ ಮೂಲಸ್ಥಿತಿಯ ಮಾತನ್ನು ಯಾರೂ ಆಡಲಾರರು.

ಕೋನದ ವಿಷಯದಲ್ಲಿ ಎರಡು ಮನೆತನಗಳ ವಿನ್ಯಾಸ ಬೇರೆ ಬೇರೆ. ಫೆಂಡರ್ ಮಾದರಿಯಲ್ಲಿ ದೇಹದ ಮೇಲ್ಮೈ ಚಪ್ಪಟೆ, ಬ್ರಿಡ್ಜ್ ತಗ್ಗು, ಆದ್ದರಿಂದ ನೆಕ್ ದೇಹಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಕೂರುತ್ತದೆ ಮತ್ತು ಸಾಮಾನ್ಯವಾಗಿ ನಾಲ್ಕು ಸ್ಕ್ರೂಗಳಿಂದ ಬಿಗಿಯಲ್ಪಡುತ್ತದೆ. ಕೋನ ಸ್ವಲ್ಪ ತಪ್ಪಿದ್ದರೆ ಸ್ಕ್ರೂ ಬಿಚ್ಚಿ, ನೆಕ್ ಕೂರುವ ಗುಳಿಯಲ್ಲಿ ತೆಳುವಾದ ಓರೆ ಚಕ್ಕೆಯೊಂದನ್ನಿಟ್ಟು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಅಂಥ ಚಕ್ಕೆ ಕಂಡಾಕ್ಷಣ ‘ಯಾರೋ ಕೈಯಾಡಿಸಿದ್ದಾರೆ’ ಎಂದು ಗಾಬರಿಯಾಗುವವರಿಗೆ ಹೇಳುವುದಿಷ್ಟೇ: ಕಾರ್ಖಾನೆಯಲ್ಲೇ ಚಕ್ಕೆ ಇಟ್ಟ ಉದಾಹರಣೆಗಳೂ ಇವೆ, ಅದು ದೋಷವಲ್ಲ. ಲೆಸ್ ಪಾಲ್ ಮಾದರಿಯಲ್ಲಿ ಮಹಾಗನಿ ದೇಹದ ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್ ಹಲಗೆ ಇರುವುದರಿಂದ ಬ್ರಿಡ್ಜ್ ಎತ್ತರದಲ್ಲಿ ನಿಲ್ಲುತ್ತದೆ, ಅದನ್ನು ಮುಟ್ಟಲು ನೆಕ್ ಸುಮಾರು 4 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ, ಮತ್ತು ಅದನ್ನು ಅಂಟಿನಿಂದ ಕೂಡಿಸಿರುತ್ತಾರೆ. ಇಲ್ಲಿ ಕೋನ ತಪ್ಪಿದರೆ ಬಿಚ್ಚಲು ಸ್ಕ್ರೂ ಇಲ್ಲ. ಉಗಿ ಹಾಯಿಸಿ ಅಂಟು ಬಿಡಿಸಿ ನೆಕ್ ಮರುಜೋಡಿಸುವುದು ಸಾಧ್ಯವಿದೆ, ಆದರೆ ಕೆಲಸ ದೊಡ್ಡದು, ಸುತ್ತಲಿನ ವಾರ್ನಿಷ್ ಹಾಳಾಗದೆ ಉಳಿಯುತ್ತದೆ ಎಂದು ನಾನಂತೂ ಮಾತು ಕೊಡುವುದಿಲ್ಲ.

ಒಮ್ಮೆ ಒಬ್ಬ ಯುವಕ ಇಂಥದೇ ಅಂಟು ನೆಕ್‌ನ ಗಿಟಾರ್ ತಂದಿದ್ದರು. ಫ್ರೆಟ್‌ಗಳ ಮೇಲೆ ತಂತಿಯ ಗುರುತು ಕೂಡ ಬಿದ್ದಿರಲಿಲ್ಲ, ಪಿಕ್‌ಗಾರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ‘ಸರ್, ಯಾರೂ ನುಡಿಸೇ ಇಲ್ಲ’ ಎಂದರು, ಸಂತೋಷದಿಂದ. ನಾನು ಗಿಟಾರನ್ನು ಪಕ್ಕಕ್ಕೆ ತಿರುಗಿಸಿ ಬ್ರಿಡ್ಜ್ ತೋರಿಸಿದೆ: ಎತ್ತರ ಹೊಂದಿಸುವ ಎರಡೂ ಹಲ್ಲುಚಕ್ರಗಳು ದೇಹದ ಮರಕ್ಕೆ ತಾಗಿ ಕೂತಿದ್ದವು, ಇನ್ನು ಒಂದು ಎಳೆಯೂ ಇಳಿಯಲು ಜಾಗವಿರಲಿಲ್ಲ, ಆದರೂ ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿ 3 ಮಿಲಿಮೀಟರ್ ಮೇಲಿತ್ತು, 2ರ ಆಸುಪಾಸು ಇದ್ದರೆ ಹೆಚ್ಚಿನವರಿಗೆ ಹಿತ. ಹೆಡ್‌ಸ್ಟಾಕ್‌ನ ಮುಚ್ಚಳ ತೆಗೆದರೆ ಟ್ರಸ್ ರಾಡ್‌ನ ಹಿತ್ತಾಳೆ ನಟ್‌ನ (ಸರಳನ್ನು ಬಿಗಿಯುವ ತಿರುಪಿನ) ಮೂಲೆಗಳು ಸವೆದು ಮೊಂಡಾಗಿದ್ದವು, ಸುತ್ತ ಹೊಸ ಲೋಹದ ಪುಡಿ ಹೊಳೆಯುತ್ತಿತ್ತು. ಆ ಯುವಕನ ಮುಖ ನೋಡಿ ನನಗೆ ಮಾರಿದವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸವೆದ ನಟ್ ಬದಲಿಸಿ, ಸರಳು ಸಡಿಲಿಸಿ, ನೆಕ್ ಸ್ವಲ್ಪ ದಿನ ವಿಶ್ರಮಿಸಲು ಬಿಟ್ಟು, ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್‌ಗಳ ಸೀಳನ್ನು ಎಚ್ಚರದಿಂದ ಆಳ ಮಾಡಿದ್ದರಿಂದ ನುಡಿಸಬಹುದಾದ ಹದಕ್ಕೆ ಬಂತು. ಕೋನ ಮಾತ್ರ ಇದ್ದಂತೆಯೇ ಇದೆ.

ನುಡಿಸದೇ ಇಟ್ಟ ಗಿಟಾರ್ ಹೊಸ ಗಿಟಾರಿಗೆ ಸಮ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದರೂ ತಂತಿಗಳ ಸೆಳೆತಕ್ಕೆ ಬಿಡುವಿರುವುದಿಲ್ಲ; ಗಾಳಿಯ ತೇವ ಏರಿಳಿದಂತೆ ಮರ ಹಿಗ್ಗಿ ಕುಗ್ಗುತ್ತದೆ, ಆದರೆ ನೆಕ್‌ನ ಬಾಗನ್ನು ಗಮನಿಸಿ ಕಾಲಕಾಲಕ್ಕೆ ತಿದ್ದುವವರು ಇರುವುದಿಲ್ಲ. ಒಣ ಹವೆಯಲ್ಲಿ ಫಿಂಗರ್‌ಬೋರ್ಡ್ ಕುಗ್ಗಿದಾಗ ಲೋಹದ ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈಗೆ ಕೊರೆಯುತ್ತದೆ. ಇದು ಸುಲಭದ ದುರಸ್ತಿ, ಅರದಿಂದ ಉಜ್ಜಿದರೆ ಮುಗಿಯಿತು. ನೆಕ್ ದೇಹಕ್ಕೆ ಸೇರುವಲ್ಲಿ ಫಿಂಗರ್‌ಬೋರ್ಡ್ ಮೇಲೆದ್ದು ಗೂನಾಗಿದ್ದರೆ ಅಷ್ಟು ಸುಲಭವಲ್ಲ. ದಿನವೂ ನುಡಿಸಿ, ಒಮ್ಮೆ ಫ್ರೆಟ್ ಮಟ್ಟ ಮಾಡಿಸಿ, ಹೊಟ್ಟೆಯ ಬೆಲ್ಟ್ ತಾಗಿ ಹಿಂಬದಿ ಗೀಚಿರುವ ಗಿಟಾರನ್ನೂ ಈ ‘ಮುಟ್ಟದ’ ಗಿಟಾರನ್ನೂ ಒಟ್ಟಿಗೆ ಮುಂದಿಟ್ಟರೆ, ನಾನು ಅನೇಕ ಸಲ ಮೊದಲನೆಯದನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಸಂಗ್ರಹಕ್ಕಾಗಿ ಕೊಳ್ಳುವವರ ಲೆಕ್ಕ ಬೇರೆ ಎಂಬುದನ್ನು ಒಪ್ಪುತ್ತೇನೆ.

ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುವ ಗಿಬ್ಸನ್ ಮಾದರಿಗಳಲ್ಲಿ, ಟ್ರಸ್ ರಾಡ್ ನಟ್‌ಗಾಗಿ ಮರ ಕೊರೆದು ತೆಳುವಾದ ಜಾಗದ ಹಿಂಬದಿಯನ್ನು ಓರೆ ಬೆಳಕಿನಲ್ಲಿ ನೋಡಲೇಬೇಕು. ಪೆಟ್ಟಿಗೆಯೊಳಗಿದ್ದೇ ಬಿದ್ದು ಅಲ್ಲಿ ಮುರಿದ ಗಿಟಾರುಗಳಿವೆ. ವಾರ್ನಿಷ್‌ನಲ್ಲಿ ಮಾತ್ರ ಇರುವ ಬಿರುಕನ್ನೂ ಮರದ ಎಳೆಯ ಗುಂಟ ಓಡುವ ಬಿರುಕನ್ನೂ ಚಿತ್ರದಲ್ಲಿ ಬೇರ್ಪಡಿಸುವುದು ಕಷ್ಟ; ಅನುಮಾನವಿದ್ದರೆ ನೇರಳಾತೀತ ದೀಪದ ಕೆಳಗೆ ನೋಡಿ, ಮರುಬಣ್ಣ ಹಚ್ಚಿದ ತೇಪೆ ಹೆಚ್ಚಾಗಿ ಬೇರೆಯದೇ ಬಣ್ಣದಲ್ಲಿ ಕಾಣುತ್ತದೆ. ಚೆನ್ನಾಗಿ ಅಂಟಿಸಿದ ಮುರಿತ ಬಲವಾಗಿಯೇ ಇರುತ್ತದೆ, ಮರುಮಾರಾಟದ ಬೆಲೆ ಮಾತ್ರ ಇಳಿಯುತ್ತದೆ. ಪಿಕಪ್ ಬದಲಿಸಿದ್ದರೆ ಚಿಂತೆ ಬೇಡ, ಮೂಲದ ಪಿಕಪ್ ಜೊತೆಗಿದೆಯೇ ಎಂದು ಕೇಳಿ.

ದೂರದಿಂದ ಕೊಳ್ಳುವವರು ಮಾರುವವರಿಂದ ಮೂರು ಚಿತ್ರಗಳನ್ನು ತರಿಸಿಕೊಳ್ಳಲಿ: ಬ್ರಿಡ್ಜ್ ಅನ್ನು ಪಕ್ಕದಿಂದ ತೆಗೆದದ್ದು, ಮುಚ್ಚಳ ತೆರೆದ ಟ್ರಸ್ ರಾಡ್ ನಟ್, ಮತ್ತು ಹನ್ನೆರಡನೆಯ ಫ್ರೆಟ್‌ನ ಮೇಲೆ ಅಳತೆಪಟ್ಟಿ ನಿಲ್ಲಿಸಿ ತೆಗೆದದ್ದು. ಬ್ರಿಡ್ಜ್‌ನ ಕೆಳಗೆ ಇನ್ನೂ ಇಳಿಯಲು ಜಾಗವಿದ್ದು, ನಟ್‌ನ ಮೂಲೆಗಳು ಚೂಪಾಗಿದ್ದರೆ, ಉಳಿದ ಹೆಚ್ಚಿನ ತೊಂದರೆಗಳಿಗೆ ಪರಿಹಾರವಿದೆ ಎಂದು ನಂಬಿ ಮುಂದುವರಿಯಬಹುದು. ಎತ್ತರ ಎಷ್ಟಿದೆ ಎಂದು ಕೇಳಿದ್ದಕ್ಕೆ ‘ಟ್ರಸ್ ರಾಡ್ ತಿರುಗಿಸಿದರೆ ಇಳಿಯುತ್ತದೆ’ ಎಂಬ ಉತ್ತರ ಬಂದರೆ, ಬೇರೇನೂ ಮಾತಾಡುವ ಮುಂಚೆ ಬ್ರಿಡ್ಜ್‌ನ ಆ ಪಕ್ಕದ ಚಿತ್ರವನ್ನು ಇನ್ನೊಮ್ಮೆ ಕೇಳಿ.