ತುಂಗಭದ್ರೆಯ ಸುಳಿಯನ್ನು ಕಡಲಿಗೆ ಒಯ್ಯಬೇಡಿ

ಗಂಗಾವತಿಯಲ್ಲಿ ಮನೆ ಮಾಡಿ ಆರು ವರ್ಷವಾಯಿತು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಗೋವಾದಲ್ಲಿ ಕಡಲ ನೀರಿನ ಓಡಾಟ ಅಳೆಯುವ ಕೆಲಸ ಮಾಡಿದೆ. "ಕಡಲೇ ಇಲ್ಲದ ಊರಾಗ ಏನ್ ಮಾಡ್ತೀರಿ ಸರ?" ಎಂದು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ತಲೆ ಕೆಡುವುದು ಇನ್ನೊಂದು ಮಾತಿಗೆ. ಕಾಲೇಜಿರಲಿ, ಮದುವೆ ಊಟದ ಪಂಕ್ತಿ ಇರಲಿ, ಕಡಲ ಸುಳಿಯ ವಿಷಯ ಬಂದರೆ ಸಾಕು, ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ನಮ್ಮ ಹೊಳಿ ಸುಳಿ ಇದ್ದಂಗ ಅಲ್ವಾ? ನೀರು ಬಂಡೆಗೆ ಬಡಿತದ, ಸುಳಿ ಬೀಳ್ತದ, ಒಳಗ ಎಳಕೊಳ್ತದ."

ಅಲ್ಲ ಸ್ವಾಮಿ. ಹಾಗಲ್ಲ.

ಆನೆಗೊಂದಿಯಲ್ಲಿ ಹರಿಗೋಲು ಹಾಕುವ ಹಿರಿಯರೊಬ್ಬರಿದ್ದಾರೆ. ಯಾವ ಸುಳಿ ಯಾವ ಬಂಡೆಯ ಹಿಂದೆ, ನೀರು ಎಷ್ಟು ಏರಿದರೆ ಅದು ಎದ್ದು ಕೂರುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಹೊಳೆಯ ಸುಳಿಗೆ ಮನೆ ಇದೆ. ಬಂಡೆ ಇರುವವರೆಗೆ ಅದು ಅಲ್ಲೇ. ಕಡಲಲ್ಲೂ ದ್ವೀಪಗಳ ಹಿಂದೆ ಅಂಥ ಸುಳಿ ಬೀಳುವುದುಂಟು, ಇಲ್ಲ ಎನ್ನಲಾರೆ. ಆದರೆ ನಾನು ಹೇಳುತ್ತಿರುವ ದೊಡ್ಡ ಸುಳಿಗಳು ಹೆಚ್ಚಿನವು ಬಂಡೆಯಿಂದ ಹುಟ್ಟಿದವಲ್ಲ. ಜೋರಾಗಿ ಹರಿಯುವ ಒಂದು ಪ್ರವಾಹ ಬಳುಕಿ, ಬಳುಕಿನ ಒಂದು ತುಂಡು ಕಳಚಿಕೊಂಡರೆ ಸುಳಿ. ಬೆಟ್ಟದ ಸಂದಿಯಿಂದ ನುಗ್ಗಿದ ಗಾಳಿ ಕಡಲನ್ನು ತಿರುವಿದರೂ ಸುಳಿ. ಹುಟ್ಟಿದ ಮೇಲೆ ಅದು ಪಡುವಣಕ್ಕೆ ದಿನಕ್ಕೆ ಕೆಲವೇ ಕಿಲೋಮೀಟರಿನಂತೆ ಹೊರಡುತ್ತದೆ. ತಿಂಗಳುಗಟ್ಟಲೆ ನಡೆಯುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ.

ಗಾತ್ರ ಕೇಳಿ. ದೊಡ್ಡ ಸುಳಿಯೊಂದು ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರುಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲದು. ಒಂದು ಸುತ್ತು ಬರಲು ವಾರ, ಎರಡು ವಾರ. ಹಡಗು ಅದರ ನಡುವೆ ಹಾದು ಹೋದರೂ ಡೆಕ್ ಮೇಲೆ ಚಹಾ ಕುಡಿಯುವವನಿಗೆ ಗೊತ್ತಾಗುವುದಿಲ್ಲ. ಮಧ್ಯದಲ್ಲಿ ತೂತಿಲ್ಲ, ಸುಮ್ನೆ ಒಂದಿಷ್ಟು ಉಬ್ಬು ಅಥವಾ ತಗ್ಗು. ಗೇಣು, ಮೊಳದ ಲೆಕ್ಕ. ಅದನ್ನು ಕಣ್ಣು ಹಿಡಿಯಲಾರದು, ಉಪಗ್ರಹ ಹಿಡಿಯುತ್ತದೆ. ನಮ್ಮ ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರ ಫೆಬ್ರವರಿಯಲ್ಲಿ ಹಾರಿಸಿದ ಸರಳ್ ಉಪಗ್ರಹದ ಮುಖ್ಯ ಕೆಲಸವೇ ಕಡಲ ಮಟ್ಟ ಅಳೆಯುವುದಾಗಿತ್ತು.

ಈಗ ಕಡಲೊಳಗೆ ಮುಳುಗಿರುವ ಗುಡ್ಡದ ವಿಷಯ. ಕಡಲ ತಳದಿಂದ ಸಾವಿರ ಮೀಟರಾದರೂ ಎದ್ದಿದ್ದರೆ ಮಾತ್ರ ಸೀಮೌಂಟ್ ಎನ್ನುವುದು ಹಳೆಯ ರೂಢಿ. ನಮ್ಮ ಅಂಜನಾದ್ರಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ಸಿ.ವಿ. ರಾಮನ್ ಹೆಸರಿನದೊಂದು ಗುಡ್ಡವಿದೆ, ಕಡಲ ವಿಜ್ಞಾನಿ ಪಣಿಕ್ಕರ್ ಹೆಸರಿನದೊಂದಿದೆ. ನೆತ್ತಿ ನೀರಿನ ಮೇಲೆ ಕಾಣುವುದಿಲ್ಲವಾದ್ದರಿಂದ ಅವುಗಳ ಸುದ್ದಿ ಯಾರಿಗೂ ಬೇಕಾಗಿಲ್ಲ.

ಸುಳಿ ಬಂದು ಗುಡ್ಡಕ್ಕೆ ತಾಗಿದರೆ ಏನಾಗುತ್ತದೆ? ಜನ ಎರಡು ಉತ್ತರ ಕೊಡುತ್ತಾರೆ. ಒಂದು, ನೀರು ಗುಡ್ಡ ಹತ್ತಿ ಆಚೆ ಇಳಿಯುತ್ತದೆ. ಇನ್ನೊಂದು, ಗುಡ್ಡ ಕಿಲೋಮೀಟರ್ ಕೆಳಗಿದೆ, ಮೇಲಿನ ನೀರಿಗೆ ಅದರ ಗೊಡವೆಯೇ ಇಲ್ಲ. ಎರಡೂ ಹೊಳೆ ನೋಡಿ ಕಲಿತದ್ದು. ಇದೊಂದು ವಿಷಯದಲ್ಲಿ ಸ್ವಲ್ಪ ತಾಳ್ಮೆ ಇಟ್ಟು ಓದಿ.

ಭೂಮಿ ತಿರುಗುತ್ತಿದೆ. ಹೊಳೆಯ ಸುಳಿ ಕ್ಷಣದಲ್ಲಿ ಒಂದು ಸುತ್ತು ಬರುತ್ತದೆ, ಹಾಗಾಗಿ ಅದಕ್ಕೆ ಭೂಮಿಯ ತಿರುಗಾಟದ ಪರಿವೆ ಇಲ್ಲ. ವಾರಗಟ್ಟಲೆ ಸುತ್ತುವ ಕಡಲ ಸುಳಿಗೆ ಅದೇ ಯಜಮಾನ. ತಿರುಗುವ ನೀರಿಗೆ ಒಂದು ಬಗೆಯ ಬಿಗಿ ಬರುತ್ತದೆ. ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ನಿಂತ ಕಬ್ಬಿನ ಜಲ್ಲೆಗಳ ಹಾಗೆ ನೀರು ಒಟ್ಟಾಗಿ ಸರಿಯಲು ನೋಡುತ್ತದೆ. ಜಲ್ಲೆ ಗುಡ್ಡದ ಮೇಲೆ ಬರಬೇಕೆಂದರೆ ಗಿಡ್ಡವಾಗಬೇಕು. ಗಿಡ್ಡವಾದರೆ ದಪ್ಪವಾಗಬೇಕು, ತಿರುಗುವ ರೀತಿಯೂ ಬದಲಾಗಬೇಕು. ಅದು ನೀರಿಗೆ ಒಗ್ಗುವುದಿಲ್ಲ. ಆದ್ದರಿಂದ ಹತ್ತುವ ಬದಲು ಬಳಸಿಕೊಂಡು ಹೋಗುತ್ತದೆ.

ಕೊಪ್ಪಳದ ಎರೆ ಹೊಲದಲ್ಲಿ ಬದು ಹಾಕಿಸಿದವರಿಗೆ ಇದನ್ನು ಬೇಗ ಹೇಳಬಹುದು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದ ಗೆರೆ ಹಿಡಿದು ಬದು ಹೋಗುತ್ತದಲ್ಲ? ಕಡಲಿನ ನೀರು ನಡೆಯುವುದು ಹೆಚ್ಚು ಕಡಿಮೆ ಆ ಗೆರೆಯ ಮೇಲೆ. ಹೊಲದ ನೀರು ಬದು ಒಡೆದು ಕೆಳಗೆ ಓಡಲು ನೋಡುತ್ತದೆ. ಕಡಲಿನ ನೀರು ತಾನಾಗಿಯೇ ಬದುವಿನಗುಂಟ ಹೋಗುತ್ತದೆ.

ವಿಚಿತ್ರ ಇರುವುದು ಮುಂದೆ. ಗುಡ್ಡದ ನೆತ್ತಿಗಿಂತ ಮೇಲಿರುವ ನೀರೂ ಬಳಸಿಕೊಂಡೇ ಹೋಗುತ್ತದೆ, ಗುಡ್ಡ ಅಲ್ಲಿಯವರೆಗೂ ಎದ್ದಿದೆಯೇನೋ ಎಂಬಂತೆ. ಇಂಗ್ಲೆಂಡಿನ ಜಿ.ಐ. ಟೇಲರ್ ತಿರುಗುವ ತೊಟ್ಟಿಯಲ್ಲಿ ಇದನ್ನು ಮಾಡಿ ತೋರಿಸಿ, 1923ರಲ್ಲಿ ಪ್ರಕಟಿಸಿದರು. ಆ ಕಾಣದ ಕಂಬಕ್ಕೆ ಇವತ್ತಿಗೂ ಅವರದೇ ಹೆಸರು.

ಹೋದ ವರ್ಷ ಇಲ್ಲಿನ ಶಾಲೆಯೊಂದರಲ್ಲಿ ನಾನೂ ಕೈ ಹಾಕಿದೆ. ಬೇಕರಿಯಿಂದ ಕೇಕ್ ತಿರುಗಿಸುವ ಸ್ಟ್ಯಾಂಡ್ ತಂದೆ. ಅದಕ್ಕೆ ಹೊಲಿಗೆ ಯಂತ್ರದ ಮೋಟರ್ ಕಟ್ಟಿ, ಮೇಲೆ ಗಾಜಿನ ಪಾತ್ರೆ ಇಟ್ಟೆ. ತಳದಲ್ಲಿ ಅಂಟಿಸಿದ ಡಬ್ಬಿ ಮುಚ್ಚಳವೇ ಗುಡ್ಡ. ನೀರು ಪಾತ್ರೆಯ ಜೊತೆ ಒಂದೇ ಸಮ ತಿರುಗುವವರೆಗೆ ಕಾಯಬೇಕು. ಆಮೇಲೆ ವೇಗವನ್ನು ತುಸುವೇ ತಗ್ಗಿಸಿ ಬಣ್ಣ ಬಿಡಬೇಕು. ಮೊದಲ ಸಲ ಒಬ್ಬ ಹುಡುಗ ಟೇಬಲಿಗೆ ಮೊಣಕೈ ಊರಿದ. ಎರಡನೇ ಸಲ ಕರೆಂಟ್ ಹೋಯಿತು. ಮೂರನೇ ಸಲ ಬಣ್ಣದ ಎಳೆ ಮುಚ್ಚಳಕ್ಕಿಂತ ನಾಲ್ಕು ಬೆರಳು ಮೇಲೆ ಬಂದು ಸರಕ್ಕನೆ ಪಕ್ಕಕ್ಕೆ ಹೊರಳಿತು. ಹಿಂದಿನ ಬೆಂಚಿನ ಹುಡುಗಿ ಕೂಗಿದಳು: "ಸರ, ಅಲ್ಲಿ ಏನೂ ಇಲ್ಲಲ್ಲ, ಮತ್ತ್ಯಾಕ ಸುತ್ತು ಹಾಕ್ತದ?" ನನಗೆ ಆವತ್ತಿನ ಊಟ ಅಲ್ಲೇ ಆಯಿತು.

ಆದರೆ ಕಡಲು ಗಾಜಿನ ಪಾತ್ರೆಯಲ್ಲ. ಅಲ್ಲಿ ನೀರು ಪದರ ಪದರವಾಗಿದೆ. ಮೇಲೆ ಬೆಚ್ಚಗೆ ಹಗುರ, ಕೆಳಗೆ ತಣ್ಣಗೆ ಭಾರ. ಆ ಪದರಗಳು ಜಲ್ಲೆಯನ್ನು ನಡುವೆ ಮುರಿಯುತ್ತವೆ. ಹಾಗಾಗಿ ಕಂಬ ಮೇಲ್ಮೈವರೆಗೆ ಬರುವುದು ಕಡಿಮೆ, ಗುಡ್ಡದ ತಲೆಗೆ ಟೋಪಿ ಹಾಕಿದಂತೆ ಸ್ವಲ್ಪ ಎತ್ತರಕ್ಕೆ ನಿಲ್ಲುತ್ತದೆ. ಟೋಪಿಯೊಳಗಿನ ನೀರು ನಮ್ಮ ಉತ್ತರಾರ್ಧದಲ್ಲಿ ಪ್ರದಕ್ಷಿಣೆಯ ದಿಕ್ಕಿಗೆ ಸುತ್ತುತ್ತದೆ. ಎಷ್ಟು ಎತ್ತರ, ಎಷ್ಟು ದಿನ ಎನ್ನುವುದು ಗುಡ್ಡದ ಅಗಲ, ನೀರಿನ ವೇಗ, ಪದರಗಳ ಬಿಗಿ ನೋಡಿ ಹೇಳಬೇಕು. ಅಂದಾಜಿಗೆ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಸುಳಿಯ ಕಥೆಯೂ ಹಾಗೇ. ಮೆಡಿಟರೇನಿಯನ್ ಸಮುದ್ರದ ಉಪ್ಪು ಜಾಸ್ತಿಯಾದ ನೀರು ಜಿಬ್ರಾಲ್ಟರ್ ದಾಟಿ ಅಟ್ಲಾಂಟಿಕ್‌ಗೆ ಇಳಿದು ಸುಳಿಯಾಗುತ್ತದೆ. ಸುಮಾರು ಸಾವಿರ ಮೀಟರ್ ಆಳದಲ್ಲಿ ಹೋಗುವ ಇವುಗಳ ಹೆಸರು ಮೆಡ್ಡಿ. ಅವುಗಳ ಒಳಗೆ ತೇಲುವ ಯಂತ್ರ ಬಿಟ್ಟು ವರ್ಷಗಟ್ಟಲೆ ಹಿಂಬಾಲಿಸಿದವರಿದ್ದಾರೆ. ದಾರಿಯಲ್ಲಿ ಗುಡ್ಡಗಳ ಸಾಲು ಸಿಕ್ಕರೆ ಕೆಲವು ಪಕ್ಕ ಸವರಿ ಹೊರ ಪದರ ಕಳೆದುಕೊಂಡು ಪಾರಾಗುತ್ತವೆ, ಕೆಲವು ಸೀಳಿಹೋಗುತ್ತವೆ, ಕೆಲವು ಅಲ್ಲೇ ಚೂರಾಗಿ ಉಪ್ಪನ್ನು ಚೆಲ್ಲುತ್ತವೆ. ಆಫ್ರಿಕಾದ ತುದಿಯಿಂದ ಹೊರಡುವ ಅಗುಲ್ಹಾಸ್ ಸುಳಿಗಳಿಗೂ ದಾರಿಯಲ್ಲಿ ವೇಮಾ ಗುಡ್ಡ, ವಾಲ್ವಿಸ್ ದಿಣ್ಣೆ ಸಿಗುತ್ತವೆ. ನೆಟ್ಟಗೆ ಬಂತೋ, ಓರೆಯಾಗಿ ಬಂತೋ ಎನ್ನುವುದರ ಮೇಲೆ ಅವುಗಳ ಹಣೆಬರಹ.

ತಳದ ನೀರು ನಿಂತ ನೀರು ಎನ್ನುವವರಿಗೂ ಒಂದು ಮಾತು. ಮಧ್ಯ ಅಮೆರಿಕದ ಬೆಟ್ಟದ ಸಂದಿಗಳ ಗಾಳಿಯಿಂದ ಮೇಲೆ ಹುಟ್ಟಿದ ಸುಳಿ, ಪೆಸಿಫಿಕ್‌ನಲ್ಲಿ 2500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಹತ್ತಿರ ಇರುವ ಮರಿಜೀವಿಗಳನ್ನೂ ಹೊತ್ತು ಹೋಗುತ್ತದೆ ಎಂದು 2011ರಲ್ಲೇ ಪ್ರಕಟವಾಗಿದೆ.

ಈ ಜಿಲ್ಲೆಗಳಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಒಬ್ಬ ಲಾರಿ ಮಾಲೀಕರದು. ಮೊದಲು ಸಂಡೂರಿನ ಅದಿರು ಸಾಗಿಸುತ್ತಿದ್ದವರು. ಶ್ರೀಲಂಕಾದ ತೆಂಕಣಕ್ಕೆ ಅಫನಾಸಿ ನಿಕಿತಿನ್ ಎಂಬ ಸೀಮೌಂಟ್ ಇದೆ. ಆ ನಿಕಿತಿನ್ 15ನೇ ಶತಮಾನದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ, ರಾಯಚೂರಿನ ವಜ್ರದ ಮಾತನ್ನೂ ಬರೆದಿಟ್ಟವನು. ಅವನ ಹೆಸರಿನ ಗುಡ್ಡದ ಮೇಲಿನ ಕೋಬಾಲ್ಟ್ ಹುಡುಕಲು ಭಾರತ 2024ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿತು. ಇದನ್ನು ಹೇಳಿದಾಗ ಲಾರಿ ಮಾಲೀಕರು ವಜ್ರವನ್ನೂ ಬಿಟ್ಟರು, ಕೋಬಾಲ್ಟನ್ನೂ ಬಿಟ್ಟರು. "ಅಲ್ಲಿ ಅಗದ್ರ ಧೂಳು ಎಲ್ಲಿಗೆ ಹೊಕ್ಕತಿ?" ಎಂದರು.

ನಾನು ಕೇಕ್ ಸ್ಟ್ಯಾಂಡ್ ಕಥೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಆ ಗುಡ್ಡ ಭೂಮಧ್ಯ ರೇಖೆಗೆ ತೀರ ಹತ್ತಿರ. ಅಲ್ಲಿ ಭೂಮಿಯ ತಿರುಗಾಟ ನೀರಿಗೆ ಕೊಡುವ ಬಿಗಿ ತುಂಬಾ ಕಡಿಮೆ, ನನ್ನ ಜಲ್ಲೆಗಳು ಅಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಯಂತ್ರಗಳನ್ನು ಸರಪಳಿ ಕಟ್ಟಿ ತಳದಲ್ಲಿ ಇಳಿಬಿಟ್ಟು, ಕಡಿಮೆ ಎಂದರೂ ಒಂದೆರಡು ವರ್ಷ ಅಳೆದರೆ ಮಾತ್ರ ಹೇಳಬಹುದು ಎಂದೆ.

"ಅಳದಾರೇನು?" ಎಂದರು ಅವರು, ಅಂಗಿಯ ತೋಳು ಕೊಡವುತ್ತಾ. "ನಮ್ಮ ಕಡೆ ಅಗದು ಆದಮ್ಯಾಲ ಅಳದ್ರು."