ಕಿವಿಯೊಳಗಿನ ಬಸವನಹುಳು

ಶ್ರವಣ ಪರೀಕ್ಷೆಯ ವರದಿಯಲ್ಲಿದ್ದ ‘ಕಾಕ್ಲಿಯರ್’ ಪದಕ್ಕೆ ಅರ್ಥ ಕೇಳಿದ ಅಜ್ಜಿಗೆ, ‘ಒಳಗಿವಿಯಲ್ಲಿ ಬಸವನಹುಳುವಿನಂಥ ಭಾಗವೊಂದಿದೆ, ತೊಂದರೆ ಅಲ್ಲಿದೆ’ ಎಂದೆ. ಅವರು ಸೆರಗಿನಿಂದ ಕಿವಿ ಮುಚ್ಚಿಕೊಂಡು, ‘ಹುಳುವೇ? ಈಗಲೇ ತೆಗೆದುಬಿಡಿ ಡಾಕ್ಟರಮ್ಮ’ ಎಂದರು. ಬಸವನಗುಡಿಯಲ್ಲಿ ಕುಳಿತು ಬಸವನಹುಳುವನ್ನು ವಿವರಿಸಲಾಗದೆ ಸೋತಿದ್ದೆ.

ಮರುದಿನ ಮನೆಯ ಕಾಂಪೌಂಡಿನಿಂದ ಒಂದು ಖಾಲಿ ಚಿಪ್ಪನ್ನು ತಂದು ಮೇಜಿನ ಮೇಲಿಟ್ಟೆ. ಮಳೆಗಾಲದ ಬೆಂಗಳೂರಿನಲ್ಲಿ ಆಫ್ರಿಕಾ ಮೂಲದ ಆ ದೈತ್ಯ ಹುಳುಗಳಿಗೇನೂ ಬರವಿಲ್ಲ. ಗ್ರೀಕರು ಬಸವನಹುಳುವಿಗೆ ಇಟ್ಟಿದ್ದ ಹೆಸರೇ ಲ್ಯಾಟಿನ್‌ನಲ್ಲಿ ‘ಕಾಕ್ಲಿಯಾ’ ಆಯಿತು. 16ನೇ ಶತಮಾನದಲ್ಲಿ ಇಟಲಿಯ ಅಂಗರಚನಾ ತಜ್ಞ ಗೇಬ್ರಿಯೆಲ್ ಫಲೋಪಿಯೊ ಅದನ್ನು ಒಳಗಿವಿಯ ಸುರುಳಿಗೆ ಕೊಟ್ಟ. ಅದರ ವಿಶೇಷಣವೇ ಇಂಗ್ಲಿಷಿನ ‘ಕಾಕ್ಲಿಯರ್’. ರೋಮನ್ನರ ಚಮಚಕ್ಕೂ ಇದೇ ಮೂಲದ ಹೆಸರಿತ್ತು. ಅದರ ಚೂಪು ಹಿಡಿಯಿಂದ ಅವರು ಚಿಪ್ಪಿನೊಳಗಿನ ಮಾಂಸವನ್ನು ಕಿತ್ತು ತಿನ್ನುತ್ತಿದ್ದರಂತೆ. ಇದನ್ನು ಮಾತ್ರ ಅಜ್ಜಿಗೆ ಹೇಳಲಿಲ್ಲ.

‘ಹಾಗಾದರೆ ಅಮ್ಮನ ಕಿವಿ ನಿಧಾನವೇ?’ ಎಂದು ಕೇಳಿದವರು ಅವರ ಮಗ. ಹೋಲಿಕೆ ಆಕಾರಕ್ಕೆ ಮಾತ್ರ, ನಡಿಗೆಗಲ್ಲ. ನಿಧಾನಕ್ಕೆ ನಮ್ಮಲ್ಲಿ ಆಮೆಯಿದೆ. ನಗರದ ರಸ್ತೆ ಕಾಮಗಾರಿಗಳ ಸುದ್ದಿಯಲ್ಲಿ ಅದಕ್ಕೆ ಬಿಡುವೇ ಇಲ್ಲ.

ಚಿಪ್ಪಿನ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಕಿವಿಯೊಳಗಿನ ಸುಮಾರು ಎರಡೂವರೆ ಸುತ್ತಿನ ಸುರುಳಿಯನ್ನು ಬಿಚ್ಚಿದರೆ 35 ಮಿಲಿಮೀಟರಿನಷ್ಟು ಉದ್ದ. ಒಳಗೆ ದ್ರವ, ಅದರ ನಡುವೆ ತೆಳುಪೊರೆ, ಪೊರೆಯ ಮೇಲೆ ಸಾವಿರಾರು ಕೂದಲುಕೋಶಗಳು. ಬಾಯಿಯ ಬಳಿಯ ಕೋಶಗಳಿಗೆ ಕೀಚಲು ಸದ್ದು, ತುದಿಯ ಕೋಶಗಳಿಗೆ ಗಡಸು ಸದ್ದು. ಸದ್ದಿನ ಅಲೆ ಈ ಪೊರೆಯ ಮೇಲೆ ಹೇಗೆ ಸಾಗುತ್ತದೆ ಎಂದು ಕಂಡುಕೊಂಡ ಜಾರ್ಜ್ ವಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ ಸಾಮಾನ್ಯವಾಗಿ ಬಾಯಿಯ ಕಡೆಯ ಕೋಶಗಳೇ ಮೊದಲು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಗುಡುಗು ಕೇಳಿಸುತ್ತದೆ, ಮೊಮ್ಮಗಳ ಗೆಜ್ಜೆ ಕೇಳಿಸುವುದಿಲ್ಲ. ಮಾತಿನಲ್ಲಿ ಮೊದಲು ಜಾರುವುದು ‘ಸ’, ‘ಶ’ಗಳಂಥ ಅಕ್ಷರಗಳು. ‘ಜೋರಾಗಿ ಹೇಳಿದರೂ ಅರ್ಥವಾಗುವುದಿಲ್ಲ’ ಎಂದು ಮನೆಯವರು ಗೊಣಗುವುದು ಇದರಿಂದಲೇ. ಎಲ್ಲ ಸದ್ದನ್ನೂ ಒಂದೇ ಸಮನೆ ಜೋರು ಮಾಡುವ ಅಗ್ಗದ ಯಂತ್ರವನ್ನು ಇಂಥವರಿಗೆ ಕೊಳ್ಳಬೇಡಿ ಎನ್ನುತ್ತೇನೆ. ಕುಂದಿದ ಸದ್ದುಗಳನ್ನಷ್ಟೇ ಎತ್ತಿಕೊಡುವಂತೆ ಹೊಂದಿಸಿದ್ದು ಬೇಕು.

ಅಜ್ಜಿಗೆ ಹಾಗೆ ಹೊಂದಿಸಿದ ಶ್ರವಣಯಂತ್ರವನ್ನು ತೊಡಿಸಿ, ಚಿಪ್ಪನ್ನು ಕೈಗಿತ್ತು ಮತ್ತೆ ‘ಬಸವನಹುಳು’ ಎಂದೆ. ‘ಓ, ಬಸವನಹುಳುವೇ! ಮೊನ್ನೆ ನೀವು ಬರೀ ಹುಳು ಎಂದಿರಿ’ ಎಂದರು.